ಕೆಂಗಲ್ ಸೀಮೆಯ ಮೇಷ್ಟ್ರಿಗೆ ಮನಶ್ಶಾಂತಿ

ಬೆಂಗಳೂರು–ಮೈಸೂರು ದಶಪಥ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಕೆಂಗಲ್ ಮುಂದಿನ ಹಳೇ ರಸ್ತೆಯಲ್ಲಿ ಹಾರನ್ ಸದ್ದು ತಗ್ಗಿದೆ. ಈ ಸೀಮೆಯ ಶಿಕ್ಷಕರ ಮನಶ್ಶಾಂತಿಗೆ ಬೇಕಾದ ಅರ್ಧ ಕೆಲಸವನ್ನು ಹೀಗೆ ಸರ್ಕಾರವೇ ಮುಗಿಸಿಕೊಟ್ಟಿದೆ. ಉಳಿದರ್ಧ ಅವರವರ ಜವಾಬ್ದಾರಿ. ಆದರೂ ಸ್ಟಾಫ್ ರೂಮಿನಲ್ಲಿ ಕೆಲವರು ‘ಒತ್ತಡ, ಒತ್ತಡ’ ಎಂದು ಗೊಣಗುವುದನ್ನು ಕೇಳಿದರೆ ಬೇಜಾರಾಗುತ್ತದೆ. ತಮ್ಮ ದೇಹ, ಮನಸ್ಸು ಎರಡನ್ನೂ ಮೇಲಿನವರು ಎಷ್ಟು ಮುತುವರ್ಜಿಯಿಂದ ನೋಡಿಕೊಳ್ಳುತ್ತಿದ್ದಾರೆಂಬುದು ಇವರಿಗೆ ಹೊಳೆದೇ ಇಲ್ಲ.

ನಡಿಗೆಯನ್ನೇ ತೆಗೆದುಕೊಳ್ಳಿ. ಈ ವಿಷಯದಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಬಲು ಜಿಪುಣ. ಪಾಠ ಬಿಡಿಸಿ ಶಿಕ್ಷಕರನ್ನು ಹೊರಗೆ ಕಳಿಸುವುದಿದ್ದರೆ ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಇಷ್ಟಕ್ಕೇ ಕಳಿಸಿ ಎನ್ನುತ್ತದೆ. ಹತ್ತು ವರ್ಷಕ್ಕೊಮ್ಮೆ ವಾಕಿಂಗ್ ಹೋದರೆ ಶುಗರ್ ಹತೋಟಿಗೆ ಬರುತ್ತದೆಯೇ? ನಮ್ಮ ಸರ್ಕಾರ ಉದಾರಿ. 2025ರ ಸೆಪ್ಟೆಂಬರ್ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಕಳಿಸಿತು, ಅದೂ ದಸರಾ ರಜೆಯಲ್ಲಿ, ಕೈಗೆ 60 ಪ್ರಶ್ನೆ ಕೊಟ್ಟು. ಕೆಲಸ ರಜೆಯೊಳಗೆ ಮುಗಿಯದಿದ್ದಾಗ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆಯಿತು. ರಜೆ ಉದ್ದವಾದಷ್ಟೂ ಕೆಲಸವೂ ಉದ್ದವಾಗುವ ಸೌಭಾಗ್ಯ ಇನ್ನಾವ ನೌಕರಿಯಲ್ಲಿದೆ?

ಈ ನಡಿಗೆಯಲ್ಲಿ ಯೋಗಾಭ್ಯಾಸವೂ ಸೇರಿತ್ತು. ರೇಷ್ಮೆ ಸಾಕುವ ಮನೆಯ ಬಾಗಿಲಿಗೆ ಹೋಗಿ ನಿಂತರೆ, ಒಳಗೆ ಹುಳ ಹಣ್ಣಾಗಿ ಮನೆಮಂದಿಯೆಲ್ಲ ಅದನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಿರುತ್ತಾರೆ. ‘ಈಗ ಮಾತಾಡಕ್ಕೆ ಪುರುಸೊತ್ತಿಲ್ಲ ಕಣ್ ಮೇಷ್ಟ್ರೇ, ಸಂದೆಗೆ ಬನ್ನಿ.’ ಇದು ಮೊದಲ ಮೆಟ್ಟಿಲು, ತಾಳ್ಮೆ. ಸಂಜೆ ಹೋದರೆ ಸಮೀಕ್ಷೆಗೆ ಬೇಕಾದ ಓಟಿಪಿ ಮಗನ ಫೋನಿಗೆ ಹೋಗಿದೆ. ಮಗ ಬಿಡದಿಯ ಕಾರ್ಖಾನೆಯಲ್ಲಿ ಶಿಫ್ಟಿನಲ್ಲಿದ್ದಾನೆ. ಇದು ಎರಡನೆಯದು, ಶರಣಾಗತಿ. ಓಟಿಪಿ ಸಿಕ್ಕಿತು ಎನ್ನುವಾಗ ಸರ್ವರ್ ಮಲಗುತ್ತದೆ. ಮೊಬೈಲ್ ಪರದೆಯ ಮೇಲೆ ಸುತ್ತುತ್ತಲೇ ಇರುವ ಪುಟ್ಟ ಚಕ್ರವನ್ನು ಎವೆಯಿಕ್ಕದೆ ನೋಡುತ್ತಾ ಜಗುಲಿ ಮೇಲೆ ಕುಳಿತ ಮೇಷ್ಟ್ರಿಗಿಂತ ದೊಡ್ಡ ಧ್ಯಾನಿ ಹಿಮಾಲಯದಲ್ಲೂ ಸಿಗಲಾರ. 2022ರಲ್ಲಿ ಶಾಲೆಗಳಲ್ಲಿ ದಿನಾ ಹತ್ತು ನಿಮಿಷ ಧ್ಯಾನ ಮಾಡಿಸುವ ಮಾತು ಬಂದಿತ್ತು. ಹತ್ತು ನಿಮಿಷ ಎಂಬುದು ನೆಟ್‌ವರ್ಕ್ ಚೆನ್ನಾಗಿರುವ ಊರಿನ ಲೆಕ್ಕ.

ಒಳಗಿನಿಂದ ಅಜ್ಜಿ ಕಾಫಿ ತಂದು ಕೇಳುತ್ತಾರೆ: ‘ನಮ್ ಹೈದ ಹೆಂಗ್ ಓದ್ತಾವ್ನೆ ಮೇಷ್ಟ್ರೇ?’

‘ಸ್ಕೂಲಿಗೆ ಹೋದ್ಮೇಲೆ ಹೇಳ್ತೀನಿ ಕಣವ್ವ.’

ಆಹಾರದ ಕಡೆಗೂ ಗಮನವಿದೆ. 2024ರಲ್ಲಿ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಎಂದಾಯಿತು. ಒಳ್ಳೆಯ ಕೆಲಸ, ಇದನ್ನು ನಿಜವಾಗಿಯೇ ಹೇಳುತ್ತಿದ್ದೇನೆ. ಒಂದು ಮೊಟ್ಟೆಗೆ ಕೊಟ್ಟಿದ್ದು 6 ರೂಪಾಯಿ. ಬೇಯಿಸುವ ಗ್ಯಾಸು, ಸಿಪ್ಪೆ ಸುಲಿಯುವ ಕೂಲಿ ಎಲ್ಲ ಅದರಲ್ಲೇ. ಅಂಗಡಿಯವನು ಏಳು ಎಂದ ದಿನ ಮುಖ್ಯ ಶಿಕ್ಷಕರು ತಮ್ಮ ಜೇಬಿಗೆ ಕೈ ಹಾಕುತ್ತಾರೆ. ದಾನಬುದ್ಧಿ ಬೆಳೆಯುವುದು ಹೀಗೆ. ಯಾರಿಗೆ ಮೊಟ್ಟೆ, ಯಾರಿಗೆ ಬಾಳೆಹಣ್ಣು ಎಂದು ಬರೆದಿಡುವುದರಿಂದ ಜ್ಞಾಪಕಶಕ್ತಿಯೂ ಹರಿತವಾಗುತ್ತದೆ. ಉಳಿದ ಸಮಯದಲ್ಲಿ ಮಗ್ಗಿ ಕಲಿಸಬಹುದು, ಯಾರೂ ಬೇಡವೆನ್ನುವುದಿಲ್ಲ.

ವಿಧಾನಸೌಧ ಕಟ್ಟಿಸಿದ ಹನುಮಂತಯ್ಯನವರ ಹೆಸರಿನ ಮುಂದೆ ಕೆಂಗಲ್ ಇದೆ. ಆ ಕಟ್ಟಡದ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದಿದೆ. ದೇವರ ಕೆಲಸ ಮಾಡುವವರು ಭಾನುವಾರ ರಜೆ ಕೇಳುವುದುಂಟೇ? ಬೆಳಗ್ಗೆ ಆರಕ್ಕೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ‘ಅತಿ ಜರೂರು’ ಎಂದು ಬಂದರೆ ಅದನ್ನು ಸುಪ್ರಭಾತವೆಂದೇ ತಿಳಿಯಬೇಕು.

ನನ್ನದೊಂದು ಸಣ್ಣ ಸಲಹೆ ಇದೆ. ಶಿಕ್ಷಕರ ಒತ್ತಡ ಅಳೆಯಲು ಒಂದು ನಮೂನೆ ಬರಲಿ. ಪ್ರಶ್ನೆ ಒಂದೇ: ಒತ್ತಡ ಇದೆಯೇ? ‘ಹೌದು’ ಎಂದವರು ಕಾರಣಗಳನ್ನು ಮೂರು ಪ್ರತಿಗಳಲ್ಲಿ ಬರೆದು, ಒತ್ತಡದಲ್ಲಿರುವ ಜಿಪಿಎಸ್ ಫೋಟೊ ಲಗತ್ತಿಸಿ, ಶನಿವಾರ ಮಧ್ಯಾಹ್ನ ಬಿಇಒ ಕಚೇರಿಗೆ ಖುದ್ದಾಗಿ ತಲುಪಿಸತಕ್ಕದ್ದು. ‘ಇಲ್ಲ’ ಎಂದವರು ಏನೂ ಮಾಡಬೇಕಾಗಿಲ್ಲ. ಅದೇ ದಿನ ಸಂಜೆ ಐದರೊಳಗೆ ತಾಲ್ಲೂಕಿನ ಕ್ರೋಡೀಕೃತ ವರದಿ ಸಿದ್ಧ: ಒತ್ತಡ ಶೂನ್ಯ.