ಬದನಗುಪ್ಪೆಗೆ ಬಂದ ಅಪ್‌ಡೇಟ್

ನಮ್ಮ ಕಡೆ ಅಮಾವಾಸ್ಯೆಯಷ್ಟೇ ನೇಮದಿಂದ ಬರುವುದು ಬ್ರೌಸರ್ ಅಪ್‌ಡೇಟ್. ಆರು ವಾರಕ್ಕೊಮ್ಮೆ ಹೊಸ ಆವೃತ್ತಿ ಬಿಡುತ್ತಿದ್ದ ಕ್ರೋಮ್, 2021ರಲ್ಲಿ ಆ ಗಡುವನ್ನು ನಾಲ್ಕು ವಾರಕ್ಕೆ ಇಳಿಸಿತು. ಅಮಾವಾಸ್ಯೆಗೆ ಊರಿನವರು ಮಾದಪ್ಪನ ಬೆಟ್ಟಕ್ಕೆ ಹೊರಟರೆ, ವೆಬ್‌ಸೈಟ್ ಕಟ್ಟಿ ಹೊಟ್ಟೆ ಹೊರೆಯುವ ನಾನು ಲ್ಯಾಪ್‌ಟಾಪ್ ಮುಂದೆ ಕೂತು, ಈ ಸಲ ಡೆವಲಪರುಗಳಿಗೆ ಏನು ಪ್ರಸಾದ ಎಂದು ನೋಡುತ್ತೇನೆ.

ಎಫ್12 ಒತ್ತಿದರೆ ತೆರೆಯುವ ಡೆವ್‌ಟೂಲ್ಸ್ ಒಂದು ನಾಟಕ ಕಂಪನಿ. ಅದರ ಸೆನ್ಸರ್ಸ್ ವಿಭಾಗದಲ್ಲಿ, ಇದ್ದಲ್ಲೇ ಇದ್ದು ಬೇರೆ ಊರಿನಲ್ಲಿರುವಂತೆ ನಟಿಸಬಹುದು. ಪಟ್ಟಿಯಲ್ಲಿ ಬರ್ಲಿನ್, ಲಂಡನ್, ಟೋಕಿಯೊ, ಮುಂಬೈ ಉಂಟು, ನಮ್ಮೂರು ಬದನಗುಪ್ಪೆ ಇಲ್ಲ. ಚಾಮರಾಜನಗರದ ರೈಲು ಹಾದಿಯಲ್ಲಿ ನಮಗೊಂದು ಸ್ಟೇಷನ್ ಇದೆ. ಕೆಲ್ಲಂಬಳ್ಳಿಯ ಜೊತೆ ಸೇರಿಸಿ ಕೆಐಎಡಿಬಿ ಮಾಡಿದ ಕೈಗಾರಿಕಾ ಪ್ರದೇಶವೂ ಇದೆ. ಪಟ್ಟಿಗೆ ಹತ್ತಲು ಅಷ್ಟು ಸಾಲದು. ಅಕ್ಷಾಂಶ, ರೇಖಾಂಶ ಕೊಟ್ಟು ನಾವೇ ಸೇರಿಸಿಕೊಳ್ಳಬೇಕು.

ಸೇರಿಸಿದರೂ ಲೆಕ್ಕದ ತಕರಾರು ತಪ್ಪದು. 'ಬದನಗುಪ್ಪೆ' ಎಷ್ಟುದ್ದ ಎಂದು ಜಾವಾಸ್ಕ್ರಿಪ್ಟನ್ನು ಕೇಳಿದರೆ, ಕೊಂಬು, ಎತ್ವ, ಒತ್ತು ಎಲ್ಲಕ್ಕೂ ತಲೆ ಎಣಿಸಿ ಒಂಬತ್ತು ಎನ್ನುತ್ತದೆ. ಅಕ್ಷರ ಬಿಡಿಸಲೆಂದೇ ಸೆಗ್ಮೆಂಟರ್ ಎಂಬ ಸಲಕರಣೆ 2020ರಲ್ಲಿ ಕ್ರೋಮ್‌ಗೂ 2024ರಲ್ಲಿ ಫೈರ್‌ಫಾಕ್ಸ್‌ಗೂ ಬಂತು. ಅದು ಕೊಂಬು, ಎತ್ವಗಳನ್ನು ಒಗ್ಗೂಡಿಸಿತು. ಆದರೆ 'ಪ್ಪೆ'ಯನ್ನು ಎರಡು ಪಾಲು ಮಾಡಿ ಆರು ಎಂದಿತು. ಒಂದನೇ ಕ್ಲಾಸಿನ ಮಗು ಐದು ಅನ್ನುತ್ತದೆ. ಮಗುವಿಗೆ ಅಪ್‌ಡೇಟ್ ಬೇಕಿಲ್ಲ.

ಇನ್ನು ಡೆವ್‌ಟೂಲ್ಸ್‌ನಲ್ಲಿ ಇಂಟರ್ನೆಟ್ಟನ್ನು ಬೇಕೆಂದೇ ನಿಧಾನ ಮಾಡುವ ಸೌಲಭ್ಯ: ಸ್ಲೋ 4ಜಿ, 3ಜಿ, ಕೊನೆಗೆ ಆಫ್‌ಲೈನ್. ಬೆಂಗಳೂರಿನ ಗೆಳೆಯರು ಇದಕ್ಕೆ ಗುಂಡಿ ಒತ್ತಬೇಕು. ನಮ್ಮಲ್ಲಿ ಮಳೆ ಹಿಡಿದು ಕರೆಂಟು ಹೋದರೆ ಮೂರೂ ಅದೇ ಕ್ರಮದಲ್ಲಿ ತಾವಾಗಿ ಜಾರಿಯಾಗುತ್ತವೆ.

ನಮ್ಮ ವೃತ್ತಿಯವರು ವರ್ಷಗಟ್ಟಲೆ ಬೇಡಿದ ವರವೆಂದರೆ ಪುಟದ ಅಂದಚೆಂದ ನೋಡಿಕೊಳ್ಳುವ ಸಿಎಸ್‌ಎಸ್‌ನ 'ಹ್ಯಾಸ್'. 2022ರಲ್ಲಿ ಸಫಾರಿ ಮತ್ತು ಕ್ರೋಮ್ ಕೊಟ್ಟವು. ಫೈರ್‌ಫಾಕ್ಸ್ 2023ರ ಡಿಸೆಂಬರ್‌ವರೆಗೆ ಕಾಯಿಸಿತು. ಒಳಗೆ ಎಂಥ ಮಗುವಿದೆ ಎಂದು ನೋಡಿ ಹೊರಗಿನ ತಂದೆಯ ಬಣ್ಣ ಬದಲಿಸುವ ವಿದ್ಯೆ ಇದು. ನಮ್ಮಜ್ಜಿಗೆ ವಿವರಿಸಿದೆ. ಅಜ್ಜಿ ನಕ್ಕಿತು: "ಇದೇನ್ಲಾ ಹೊಸ್ದು? ಮಗ ಕೆಲ್ಸಕ್ಕೆ ಸೇರ್ದ ಅಂದ್ರೆ ಅಪ್ಪನ್ ಮೀಸೆ ತಾನಾಗೇ ಮ್ಯಾಕ್ಕೆ ಏಳ್ತದೆ ಕನಾ. ಅದ್ಕೂ ಕಂಪೂಟ್ರು ಬೇಕಾ?"

ಅಜ್ಜಿಗೆ ನಿಜಕ್ಕೂ ಬೇಕಾದ ಸೌಲಭ್ಯ ಡೆವ್‌ಟೂಲ್ಸ್‌ನಲ್ಲಿ ಯಾರೂ ನೋಡದ ರೆಂಡರಿಂಗ್ ಎಂಬ ಮೂಲೆಯಲ್ಲಿದೆ. ಮಬ್ಬುಗಣ್ಣಿಗೆ ನಮ್ಮ ಪುಟ ಹೇಗೆ ಕಾಣುತ್ತದೆಂದು ತೋರಿಸುವ ಆಯ್ಕೆ ಅಲ್ಲಿ 2020ರಿಂದಲೂ ಇದೆ. ಬಿಳಿಯ ಮೇಲೆ ತೆಳು ಬೂದು ಅಕ್ಷರ, ಅದರ ಕೆಳಗೆ ಇನ್ನೂ ತೆಳುವಾದ 'ಸಲ್ಲಿಸಿ' ಗುಂಡಿ ಇರುವ ಪುಟಗಳನ್ನು ಕಂಡಾಗ, ಕಟ್ಟಿದವರು ಆ ಮೂಲೆಗೆ ಕಾಲಿಟ್ಟಿಲ್ಲ ಎಂಬುದು ಖಾತ್ರಿ. ಟೋಕಿಯೊದಲ್ಲಿದ್ದಂತೆ ನಟಿಸಲು ಬಂದವರಿಗೆ ಅಜ್ಜಿಯಾಗಿ ನಟಿಸಲು ಪುರುಸೊತ್ತಿಲ್ಲ.

ಆದ್ದರಿಂದ ವೆಬ್‌ಸೈಟ್ ಕಟ್ಟುವ ಬಂಧುಗಳಲ್ಲಿ ಒಂದು ವಿನಂತಿ. ಪುಟವನ್ನು ಲೋಕಕ್ಕೆ ಬಿಡುವ ಮುನ್ನ ನೆಟ್ಟನ್ನು 3ಜಿಗೆ ಇಳಿಸಿ, ಕಣ್ಣನ್ನು ಮಬ್ಬಾಗಿಸಿ, ನಿಮ್ಮದೇ ಅರ್ಜಿಯನ್ನು ನೀವೇ ತುಂಬಿ ನೋಡಿ. ತುಂಬಲು ಬಂದರೆ ಸರಿ. ಬಾರದಿದ್ದರೆ ಮುಂದಿನ ಆವೃತ್ತಿಯ ಯಾವ ಸೌಲಭ್ಯವೂ ಆ ಪುಟವನ್ನು ಕಾಪಾಡುವುದಿಲ್ಲ.