ಗಮ್ ತಂದೆಯ ಲಕ್ಷಣಗಳು

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇತ್ತೀಚೆಗೆ ಹೆಚ್ಚಾಗಿ ಕಾಣಸಿಗುವ ‘ಗಮ್ ತಂದೆ’ ಎಂಬ ಪ್ರಭೇದವನ್ನು ಗುರುತಿಸಲು ಅವರ ಅಂಗಿಯ ಜೇಬೊಂದೇ ಸಾಕು. ಅದರಲ್ಲಿ ಪೆನ್ನು ಇಲ್ಲದಿದ್ದರೂ ಸಕ್ಕರೆರಹಿತ ಚೂಯಿಂಗ್ ಗಮ್ಮಿನ ಪೊಟ್ಟಣ ಇದ್ದೇ ಇರುತ್ತದೆ. ಮಗಳು ಊಟ ಮುಗಿಸಿ ಕೈತೊಳೆಯುವಷ್ಟರಲ್ಲಿ ಒಂದು ಬಿಲ್ಲೆ ಅವಳ ಬಾಯಿಗೂ ಒಂದು ಉಪನ್ಯಾಸ ಮನೆಮಂದಿಯ ಕಿವಿಗೂ ಬೀಳುತ್ತದೆ.

ಉಪನ್ಯಾಸದಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಬಾಯಿಯಲ್ಲಿ ಮನೆಮಾಡಿಕೊಂಡ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾ ಸಕ್ಕರೆಯನ್ನು ಉಂಡು ಆಮ್ಲವನ್ನು ಹೊರಬಿಡುತ್ತದೆ. ಆಮ್ಲೀಯತೆಯ ಅಳತೆಯಾದ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಕವಚವಾದ ಎನಾಮಲ್ ತನ್ನ ಖನಿಜಾಂಶವನ್ನು ಕಳೆದುಕೊಳ್ಳತೊಡಗಿ, ಕಾಲಕ್ರಮದಲ್ಲಿ ಹಲ್ಲು ಹುಳುಕಾಗುತ್ತದೆ. ಅಗಿಯುವಾಗ ಧಾರಾಳವಾಗಿ ಒಸರುವ ಲಾಲಾರಸ, ಅಂದರೆ ಜೊಲ್ಲು, ಆ ಆಮ್ಲದ ಕಸುವನ್ನು ತಗ್ಗಿಸುವುದಲ್ಲದೆ ಕ್ಯಾಲ್ಸಿಯಂ, ಫಾಸ್ಫೇಟುಗಳನ್ನು ಹಲ್ಲಿಗೆ ಮರಳಿ ಒದಗಿಸುತ್ತದೆ. ಗಮ್ಮಿಗೆ ಸಿಹಿ ಕೊಡುವ ಕ್ಸೈಲಿಟಾಲನ್ನಂತೂ ಈ ಬ್ಯಾಕ್ಟೀರಿಯಾ ಆಮ್ಲವಾಗಿ ಮಾರ್ಪಡಿಸಲಾರದು. 1970ರ ದಶಕದಲ್ಲಿ ಫಿನ್ಲೆಂಡಿನ ತುರ್ಕು ನಗರದಲ್ಲಿ ನಡೆದ ಕ್ಸೈಲಿಟಾಲ್ ಅಧ್ಯಯನಗಳನ್ನು ಈ ಗೃಹಸ್ಥರು ತಾವೇ ಮುಂದೆ ನಿಂತು ನಡೆಸಿದವರಂತೆ ವರ್ಣಿಸುತ್ತಾರೆ.

ಊಟದ ನಂತರ 20 ನಿಮಿಷ ಅಗಿಯಬೇಕೆಂಬ ಸಲಹೆ ಅವರ ಕೈಯಲ್ಲಿ ಶಾಸನವಾಗಿದ್ದು, ಮೊಬೈಲಿನ ಗಂಟೆ ಬಾರಿಸುವವರೆಗೆ ಮಗಳ ದವಡೆಗೆ ಬಿಡುವಿಲ್ಲ. ಹುಲ್ಲು ಮೇಯದೆಯೇ ಮೆಲುಕು ಹಾಕುವ ಪ್ರಾಣಿಯನ್ನು ಈ ಮನೆಯಲ್ಲೇ ಮೊದಲು ಕಂಡದ್ದೆಂದು ಅಜ್ಜಿ ಹೇಳುವುದುಂಟು. ಗಮ್ಮನ್ನು ನುಂಗಿಬಿಡುವ, ಗಂಟಲಿಗೆ ಸಿಕ್ಕಿಸಿಕೊಳ್ಳುವ ವಯಸ್ಸಿನ ಕಿರಿಯ ಮಗನಿಗೆ ಮಾತ್ರ ಅದನ್ನು ಕೊಡದಿರುವ ವಿವೇಕ ತಂದೆಗಿದೆಯಾದ್ದರಿಂದ, ಅವನ ಪಾಲಿಗೆ ಬರುವುದು ಉಪನ್ಯಾಸವಷ್ಟೇ.

ಗಮ್ಮು ಹಲ್ಲುಜ್ಜುವುದಕ್ಕೆ ಪೂರಕವೇ ಹೊರತು ಅದರ ಬದಲಿಗಲ್ಲವೆಂದು ದಂತವೈದ್ಯರು ಹೇಳುವ ಮಾತು ಈ ಪ್ರಭೇದದ ನೆನಪಿನಲ್ಲಿ ನಿಲ್ಲುವುದಿಲ್ಲ. ರಾತ್ರಿ ಎರಡು ಚಮಚ ಸಕ್ಕರೆ ಬೆರೆಸಿದ ಹಾಲು ಕುಡಿದು ಮಕ್ಕಳು ಸೋಫಾದಲ್ಲೇ ನಿದ್ದೆಹೋದರೆ, ಫ್ಲೋರೈಡ್ ಪೇಸ್ಟು ಹಾಕಿ ಉಜ್ಜಿಸಲು ಅವರನ್ನು ಎಬ್ಬಿಸುವ ಕಾಠಿಣ್ಯ ತಂದೆಯಲ್ಲಿಲ್ಲ. ಮಧ್ಯಾಹ್ನ ಅಗಿದದ್ದು ರಾತ್ರಿಯ ಲೆಕ್ಕಕ್ಕೂ ಜಮೆಯಾಗಿದೆಯೆಂಬುದು ಅವರ ಗಣಿತ. ಅತಿಯಾದರೆ ಕ್ಸೈಲಿಟಾಲ್ ಹೊಟ್ಟೆಯನ್ನು ಸಡಿಲಿಸುತ್ತದೆಂಬುದು ತಿಳಿದದ್ದರಿಂದ ಮಗಳ ಡಬ್ಬಿಗೆ ದಿನಕ್ಕೆ ಎಣಿಸಿಯೇ ಬಿಲ್ಲೆಗಳನ್ನು ಹಾಕಿ ಕಳುಹಿಸುತ್ತಾರೆ. ಶಾಲೆಯ ಬಸ್ಸಿನಲ್ಲಿ ಆ ಬಿಲ್ಲೆಯೊಂದಕ್ಕೆ ಎರಡು ಕಡಲೆಮಿಠಾಯಿಯಂತೆ ದರ ನಿಗದಿಯಾಗಿದ್ದು, ಡಬ್ಬಿ ಪ್ರತಿ ಸಂಜೆ ಖಾಲಿಯಾಗಿ ಮರಳುವುದನ್ನು ಕಂಡು ತಂದೆ ಮಗಳ ಶಿಸ್ತನ್ನು ನೆರೆಹೊರೆಗೆಲ್ಲ ಹೊಗಳುತ್ತಾರೆ.