ಮಾರಿದ ಗಾಡಿಯ ಮಾಲಕ

ಮಮದಾಪುರದ ನಮ್ಮ ಮನೆಯಲ್ಲಿ ಹೊಲ ಅವ್ವನ ಹೆಸರಿಗಿದೆ. ರೇಷನ್ ಕಾರ್ಡಿನಲ್ಲಿ ಹೆಂಡತಿಯೇ ಯಜಮಾನಿ, ನಾನು ಎರಡನೇ ಸಾಲು. ಕರೆಂಟು ಬಿಲ್ಲು ಇವತ್ತಿಗೂ ತೀರಿಹೋದ ನಮ್ಮಜ್ಜನ ಹೆಸರಿಗೆ ಬರುತ್ತದೆ. (ನಿಮ್ಮ ಮನೆಯಲ್ಲೂ ಹೀಗೇ ಇರುತ್ತದೆ, ಮುಚ್ಚಿಡಬೇಡಿ.) ನನ್ನ ಹೆಸರಿನಲ್ಲಿ ಇದ್ದದ್ದು ಒಂದೇ ಒಂದು, ಕೆಎ 49 ಪಾಸಿಂಗಿನ ಮೋಟಾರ್ ಸೈಕಲ್ಲು. ಅದನ್ನೂ ಮಾರಿದೆ. ಮಾರಿದ ಮೇಲೆಯೇ ತಿಳಿದದ್ದು, ನನ್ನ ಹೆಸರು ಅದಕ್ಕೆ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿದೆ ಅಂತ.

ವ್ಯವಹಾರ ನಡೆದದ್ದು ಗುಡಿಯ ಕಟ್ಟೆಯ ಮೇಲೆ. ನಾನು ಇಪ್ಪತ್ತು ಸಾವಿರ ಅಂದೆ. ಹುಡುಗ ಗಾಡಿಯ ಸುತ್ತ ಒಂದು ಸುತ್ತು ಹಾಕಿ, "ಕಾಕಾ, ಗಾಡಿ ಭಾಳ ಮಸ್ತ್ ಇಟ್ಟೀರಿ ನೋಡ್ರಿ" ಅಂದ. ಆ ಒಂದು ಮಾತಿಗೇ ಎರಡು ಸಾವಿರ ಇಳಿಸಿಬಿಟ್ಟೆ. ಅವನು ಕಿಸೆಯಿಂದ ಟಿಟಿ ಫಾರ್ಮ್ ತೆಗೆದ. 29ನೇ ನಮೂನೆ, 30ನೇ ನಮೂನೆ, ಎರಡೂ ಖಾಲಿ. "ಸಹಿ ಅಷ್ಟ ಮಾಡ್ರಿ ಕಾಕಾ, ಉಳಿದದ್ದು ನಾ ತುಂಬ್ಕೋತೀನಿ." ವಾಡೆಯಲ್ಲಿ ಕೂತು ಇನಾಮು ಬರೆದುಕೊಡುವ ದೇಸಾಯಿಯ ಗತ್ತಿನಲ್ಲಿ ಸಹಿ ಹಾಕಿದೆ. ಕಟ್ಟೆಯ ಮೇಲಿದ್ದವರೆಲ್ಲ ನೋಡುತ್ತಿದ್ದರು, ಹಾಕದೆ ಇರಲಿಕ್ಕಾಗುತ್ತದೆಯೇ?

ಒಂದೂವರೆ ವರ್ಷ ಸುಖವಾಗಿದ್ದೆ. ಆಮೇಲೆ ಮೊಬೈಲಿಗೆ ಮೆಸೇಜು ಶುರುವಾದವು. ಹೆಲ್ಮೆಟ್ ಇಲ್ಲದ್ದಕ್ಕೆ 500 ರೂಪಾಯಿ ದಂಡ. ಮತ್ತೊಂದು 500. ಯಾರೋ ಮೋಸಗಾರರ ಮೆಸೇಜು ಅಂತ ಅಳಿಸಿದೆ. ನಾಲ್ಕನೆಯದು ಬಂದಾಗ ಮಗಳ ಕೈಗೆ ಸಿಕ್ಕಿತು. ಅವಳು ಧಾರವಾಡದಲ್ಲಿ ಲಾ ಓದುತ್ತಾಳೆ. ಹಬ್ಬಕ್ಕೆ ಬಂದಳೆಂದರೆ ನಮ್ಮ ಮನೆಯೇ ಕೋರ್ಟು, ಆರೋಪಿ ಮಾತ್ರ ಕಾಯಂ. ಅವಳು ಮೆಸೇಜಿನ ಜೊತೆಗಿದ್ದ ಫೋಟೊ ತೆರೆದಳು. ಬೆಳಗಾವಿಯ ಚೆನ್ನಮ್ಮ ಸರ್ಕಲ್ಲು. ನನ್ನ ಗಾಡಿ, ನನ್ನ ನಂಬರು. ಬೆನ್ನು ತೋರಿಸಿ ಕೂತ ಒಬ್ಬ ಗಂಡಸು, ಅವನ ಹಿಂದೆ ಸೆರಗು ಹೊತ್ತ ಒಬ್ಬ ಹೆಣ್ಣುಮಗಳು.

ಮನೆ ಸ್ತಬ್ಧ. ಹೆಂಡತಿ ಕೈಯೊರೆಸಿಕೊಂಡು ಬಂದಳು. ಕನ್ನಡಕ ಹಾಕಿಕೊಂಡು ನೋಡಿದಳು. ನನಗೆ ಒಳಗೊಳಗೇ ಭಯ, ಅದರ ಜೊತೆಗೇ, ಸುಳ್ಳು ಯಾಕೆ ಹೇಳಲಿ, ಚೂರು ಹೆಮ್ಮೆ. ಈ ವಯಸ್ಸಿನಲ್ಲೂ ನನ್ನ ಮೇಲೆ ಸಂಶಯ ಪಡುವಂಥದ್ದು ಏನೋ ಉಳಿದಿದೆಯಲ್ಲ! ಅವಳು ಎರಡೇ ಸೆಕೆಂಡಿನಲ್ಲಿ ತೀರ್ಪು ಕೊಟ್ಟಳು: "ನಿಮ್ಮಪ್ಪ ಅಲ್ಲ ಬಿಡವಾ. ಇವನ ತಲ್ಯಾಗ ಕೂದಲ ಅದಾವು."

ಖುಲಾಸೆಯಾದ ಆರೋಪಿ ಇಷ್ಟು ನೊಂದದ್ದನ್ನು ಯಾವ ಕೋರ್ಟೂ ನೋಡಿರಲಿಕ್ಕಿಲ್ಲ.

ಮಗಳು ಮಾತ್ರ ಬಿಡಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮನ್ನು ನನ್ನ ತಲೆಯ ಮೇಲೆ ಸುರಿದಳು. ಗಾಡಿ ಮಾರಿದವನು ಅದೇ ರಾಜ್ಯದೊಳಗಾದರೆ 14 ದಿನದಲ್ಲಿ, ಹೊರರಾಜ್ಯಕ್ಕಾದರೆ 45 ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕು. ಕೊಂಡವನು 30 ದಿನದಲ್ಲಿ. "ನೀ ಯಾರಿಗೆ ತಿಳಿಸೀ ಅಪ್ಪಾ?" "ಕಟ್ಟಿ ಮ್ಯಾಲ ಕೂತವರಿಗೆಲ್ಲಾ ತಿಳಿಸೇನಿ" ಅಂದೆ. ಅವಳು ನಗಲಿಲ್ಲ. ಯಾರದೋ ಒಂದು ಕಾರು ಕೈಯಿಂದ ಕೈಗೆ ಮಾರಾಟವಾಗುತ್ತ ಹೋಗಿ 2009ರಲ್ಲಿ ಅಪಘಾತ ಮಾಡಿತಂತೆ. ಆರ್‌ಸಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಮಾಲಕ, ಪರಿಹಾರದ ಹೊಣೆ ಅವನದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟು ಹೇಳಿತಂತೆ. ಅವನು ಕಾರು ಮಾರಿ ಆಗಲೇ ವರ್ಷ ಕಳೆದಿತ್ತು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹೊರಗೆ ಯಾವ ಗಾಡಿಯ ಸಪ್ಪಳವಾದರೂ ನನ್ನದೇ ಅನ್ನಿಸುತ್ತಿತ್ತು.

ಹುಡುಕಲು ಹೊರಟೆ, ಹೆಂಡತಿಯ ಸ್ಕೂಟಿಯ ಮೇಲೆ. ಕಟ್ಟೆಯ ಹುಡುಗ ಅದನ್ನು ಸಂಕೇಶ್ವರದವನಿಗೆ ಕೊಟ್ಟಿದ್ದ, ಅದೇ ಖಾಲಿ ಫಾರ್ಮಿನ ಸಮೇತ. ಸಂಕೇಶ್ವರದವನು ಗಡಿ ದಾಟಿಸಿ ಗಡಹಿಂಗ್ಲಜದ ಹಾಲಿನವನಿಗೆ ಕೊಟ್ಟಿದ್ದ. ಫಾರ್ಮು ಎಲ್ಲಿ ಅಂದರೆ, ಮಳೆಗಾಲದಲ್ಲಿ ನೆನೆದು ಹೋಯಿತಂತೆ. ಹಾಲಿನವನನ್ನು ನೋಡಿದೆ. ಅದೇ ಕೂದಲು! ದಟ್ಟಗೆ, ಕಬ್ಬಿನ ಗದ್ದೆಯ ಹಾಗೆ. "ಹಿಂದ ಕುಂತಾಕಿ ನಮ್ಮವ್ವರೀ, ಕಣ್ಣಿನ ದವಾಖಾನಿಗೆ ಕರಕೊಂಡು ಹೋಗಿದ್ದೆ" ಅಂದ. ಅವನನ್ನು ಬೈಯಲೆಂದು ದಾರಿಯುದ್ದಕ್ಕೂ ಕಟ್ಟಿಕೊಂಡ ಮಾತುಗಳೆಲ್ಲ ಅಲ್ಲೇ ಕರಗಿದವು. ಚಹಾ ಕೊಟ್ಟ. ಕುಡಿದೆ.

ಗಾಡಿ ಮಹಾರಾಷ್ಟ್ರಕ್ಕೆ ಹೋಗಬೇಕಾದರೆ ಮೊದಲು ನಮ್ಮ ಆರ್‌ಟಿಓದಿಂದ ಎನ್‌ಓಸಿ ಬೇಕು. ಅದು 28ನೇ ನಮೂನೆ, ಮೂರು ಪ್ರತಿ. ಮೂರರ ಮೇಲೂ ಛಾಸಿ ನಂಬರಿನ ಪೆನ್ಸಿಲ್ ಅಚ್ಚು. ದಂಡ ಬಾಕಿ ಇದ್ದರೆ ಅದೂ ಇಲ್ಲ. ಎರಡು ಸಾವಿರ ಕಟ್ಟಿದೆ. ಕಟ್ಟೆಯ ಮೇಲೆ ಇಳಿಸಿದ್ದ ಎರಡು ಸಾವಿರಕ್ಕೆ ಜೋಡಿಯಾಯಿತು.

ಆಫೀಸಿಗೆ ಹೋಗುವುದೆಂದು ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡಿದ್ದೆ. ಛಾಸಿ ನಂಬರು ಎಲ್ಲಿರುತ್ತದೆ ಅಂತ ಗೊತ್ತಿದ್ದರೆ ಕರೀ ಅಂಗಿ ಹಾಕುತ್ತಿದ್ದೆ. ಹ್ಯಾಂಡಲ್ಲಿನ ಕೆಳಗೆ, ಗ್ರೀಸು, ಧೂಳು, ಹಾಲು ಮೂರೂ ಸೇರಿ ಕರದಂಟಿನಷ್ಟು ಗಟ್ಟಿಯಾಗಿದ್ದ ಪದರದ ಒಳಗೆ ಅದು ಕೂತಿತ್ತು. ತೆಂಗಿನ ನಾರಿನಿಂದ ತಿಕ್ಕಿದೆ. ಕಾಗದ ಇಟ್ಟು ಪೆನ್ಸಿಲ್ ಆಡಿಸಿದೆ. ಮೊದಲನೆಯದು ಹರಿಯಿತು. ಎರಡನೆಯದರಲ್ಲಿ ನನ್ನ ಹೆಬ್ಬೆಟ್ಟಿನ ಅಚ್ಚು ಚೆನ್ನಾಗಿ ಮೂಡಿತು. ಕಡೆಗೆ ಒಬ್ಬ ಏಜೆಂಟ ಬಂದು, "ಸರಿಯಿರಿ ಅಜ್ಜಾರ" ಅಂದು, ಎರಡು ನಿಮಿಷದಲ್ಲಿ ಮೂರೂ ತೆಗೆದುಕೊಟ್ಟ. ಅಜ್ಜಾರ!

ಅಷ್ಟರಲ್ಲಿ ಸಹಿಯ ತಕರಾರು. ಗಾಡಿ ಕೊಂಡಾಗ ನನ್ನ ಲಗ್ನವಾಗಿ ಆರು ತಿಂಗಳು. ಆಗಿನ ಸಹಿಗೆ ಕೆಳಗೊಂದು ಗೆರೆ, ಎರಡು ಚುಕ್ಕಿ, ತುದಿಗೆ ನವಿಲುಗರಿ. ಈಗಿನದು ಹಾಲಿನ ಲೆಕ್ಕಕ್ಕೆ ಗೀಚುವ ಗೀಟು. ತಾಳೆಯಾಗಲಿಲ್ಲ. ತಾಳೆಯಾಗದ್ದು ಅವರ ತಪ್ಪಲ್ಲ. ಮನೆಗೆ ಬಂದು ಎರಡು ದಿನ ಮಗಳ ಹಳೇ ನೋಟುಬುಕ್ಕಿನಲ್ಲಿ ನನ್ನದೇ ಸಹಿಯನ್ನು ನಕಲು ಮಾಡಲು ಕಲಿತೆ. ಹೆಂಡತಿ ಇಣುಕಿ ನೋಡಿ, "ಗರಿ ಇನ್ನಾ ಜರಾ ಮ್ಯಾಲ ಇತ್ರಿ" ಅಂದಳು. ಅವಳಿಗೆ ನೆನಪಿತ್ತು! ಖುಷಿಯಾಯಿತು. "ಆವಾಗ ಈ ಸಹಿ ನೋಡೇ ನೌಕರಿ ದೊಡ್ಡದಿದ್ದೀತು ಅನ್ಕೊಂಡಿದ್ದೆ" ಅಂತ ಸೇರಿಸಿ ಒಳಗೆ ಹೋದಳು.

ಅಂತೂ ಎನ್‌ಓಸಿ ಬಂತು. ಕೊಲ್ಲಾಪುರದಲ್ಲಿ ಗಾಡಿಗೆ ಎಂಎಚ್ 09 ನಂಬರು ಬಿತ್ತು. ಹಾಲಿನವನು ಫೋಟೊ ಕಳಿಸಿದ. ಹೊಸ ಪ್ಲೇಟಿನಲ್ಲಿ ಪರರ ಮನೆಗೆ ಹೋದ ಮಗಳ ಹಾಗೆ ಕಾಣುತ್ತಿತ್ತು. ಮನೆಯಲ್ಲಿ ಪೆಡೆ ಹಂಚಿದೆ.

ಮೊನ್ನೆ ಸಂಜೆ ಅವನದೇ ಫೋನು. "ಕಾಕಾ, ನಾ ಟೆಂಪೋ ತಗೊಳ್ಳಾಕತ್ತೀನಿ. ಗಾಡಿ ಕೊಡಬೇಕಂತ ಮಾಡೀನಿ. ಬ್ಯಾರೇದವ್ರಿಗೆ ಕೊಡಾಕ ಮನಸಾಗವಲ್ದು. ನೀವು ಅದನ್ನ ಭಾಳ ಮಸ್ತ್ ಇಟ್ಟಿದ್ರಿ ನೋಡ್ರಿ."

ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ಸಣ್ಣ ಮಾಡಿ ಕೇಳಿದೆ: "ಎಷ್ಟಕ್ಕ ಕೊಡ್ತಿ?"

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.